ಗುಮಾಸ್ತರನ್ನು ಕೇಳಿ: ಬಾರ್ಜ್ ಮನೆಯ ಲೆಕ್ಕ

ಹೋದ ಸಲ ಉಪ್ಪಿನ ಬಗ್ಗೆ ಉತ್ತರ ಬರೆಯುವಾಗ, ನಾನು ಗೋವಾದ ವಾಸ್ಕೋದಲ್ಲಿ ಒಂದು ಬಾರ್ಜ್ ಮನೆತನದ ಕಚೇರಿಯಲ್ಲಿ 35 ವರ್ಷ ಲೆಕ್ಕ ಬರೆದವನು ಅಂತ ಸುಮ್ನೆ ಒಂದು ಸಾಲು ಸೇರಿಸಿದ್ದೆ. ಆ ಸಾಲಿಗೆ ಹದಿನೇಳು ಪತ್ರ ಬಂದಿವೆ. ಉಪ್ಪಿನ ಬಗ್ಗೆ ಒಂದೂ ಇಲ್ಲ. ಹಾಗಾಗಿ ಈ ಸಲ ಬಾರ್ಜ್ ಬಿಟ್ಟು ಬೇರೆ ಮಾತಿಲ್ಲ. ನನಗೆ ಅನ್ನ ಹಾಕಿದ ಮನೆಯವರ ಹೆಸರು ಮಾತ್ರ ಕೇಳಬೇಡಿ. ಶೇಟ್ರು ಅಂದರೆ ಸಾಕು.

ಗುಮಾಸ್ತರೇ, ನಾವು ಬಯಲುಸೀಮೆಯವರು. ಬಾರ್ಜ್ ಅಂದರೆ ದೋಣಿಯೋ ಹಡಗೋ? ಒಂದು ಮನೆತನ ಇಂಥ ಧಂದೆಗೆ ಇಳಿದದ್ದು ಹೇಗೆ? ಮೊದಲಿನಿಂದ ಹೇಳಿ.
— ಓದುಗರು, ಗದಗ

ಎರಡೂ ಅಲ್ಲ. ಚಪ್ಪಟೆ ತಳದ, ಉದ್ದನೆಯ ಕಬ್ಬಿಣದ ತೊಟ್ಟಿ ಅಂದುಕೊಳ್ಳಿ. ಹಿಂದೆ ಎಂಜಿನ್, ಅದರ ಮೇಲೆ ಚುಕ್ಕಾಣಿ ಹಿಡಿಯುವ ಕೋಣೆ, ಮಗ್ಗುಲಲ್ಲಿ ಒಂದು ಪುಟ್ಟ ಅಡುಗೆಮನೆ. ಉಳಿದದ್ದೆಲ್ಲ ನಾವು ಸಾಗಿಸುವ ಕಬ್ಬಿಣದ ಅದಿರಿಗೆ. ಖಾಲಿ ಇದ್ದಾಗ ನೀರಿನ ಮೇಲೆ ಎತ್ತರಕ್ಕೆ ನಿಂತು ಜಂಬ ಮಾಡುತ್ತದೆ. ತುಂಬಿದ ಮೇಲೆ ಅಂಚು ಮಾತ್ರ ಕಾಣುತ್ತದೆ. ಮೊದಲ ಸಲ ನೋಡಿದಾಗ ಮುಳುಗುತ್ತಿದೆ ಅಂತಲೇ ನಾನು ಹೆದರಿದ್ದೆ.

ನಮ್ಮ ಶೇಟ್ರ ತಂದೆಗೆ ಇದ್ದದ್ದು ಒಂದೇ ಒಂದು ಪಡಾವು. ಮರದ್ದು, ಹಾಯಿ ಕಟ್ಟುವಂಥದ್ದು. ಮಾಂಡವಿ ನದಿಯಲ್ಲಿ ಹಂಚು, ಉಪ್ಪು, ತೆಂಗಿನಕಾಯಿ ಸಾಗಿಸುತ್ತಿದ್ದರು. ಆಗ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. 1940ರ ದಶಕದ ಕೊನೆಗೆ ಅಲ್ಲಿಂದ ಕಬ್ಬಿಣದ ಅದಿರು ಹೊರದೇಶಕ್ಕೆ ಹೋಗಲು ಶುರುವಾಯಿತು. ಯುದ್ಧದಲ್ಲಿ ಸೋತ ಜಪಾನ್ ಮತ್ತೆ ಉಕ್ಕಿನ ಕಾರ್ಖಾನೆ ಕಟ್ಟುತ್ತಿತ್ತು, ಅದಕ್ಕೆ ಅದಿರು ಬೇಕಿತ್ತು. ಗಣಿಗಳಿದ್ದದ್ದು ಡಿಚೋಲಿ, ಸಾಂಖಳಿ, ಸಾಂಗೆ ಕಡೆಯ ಗುಡ್ಡಗಳಲ್ಲಿ. ಹಡಗು ನಿಲ್ಲುವುದು ಮುರಗಾಂವ್ ಬಂದರಿನಲ್ಲಿ. ನಡುವೆ ನೆಟ್ಟಗಿನ ರಸ್ತೆಯಿಲ್ಲ. ಆದರೆ ಮಾಂಡವಿ, ಜುವಾರಿ ಎರಡೂ ನದಿಗಳು ಗಣಿಯ ಹತ್ತಿರದ ತನಕ ಹೋಗುತ್ತವೆ. ದೇವರು ರಸ್ತೆ ಮಾಡಿಟ್ಟಿದ್ದ, ನಾವು ದೋಣಿ ತಂದೆವು ಅಷ್ಟೇ ಅಂತ ಶೇಟ್ರು ಹೇಳುತ್ತಿದ್ದರು.

ಗಣಿ ಮಾಡಿ ದೊಡ್ಡವರಾದ ಮನೆತನಗಳ ಹೆಸರು ನೀವು ಕೇಳಿರುತ್ತೀರಿ. ಚೌಗುಲೆ, ಡೆಂಪೊ, ಸಾಲ್ಗಾಂವ್‌ಕರ್, ತಿಂಬ್ಲೊ. ಅವರಿಗೆ ಗಣಿಯೂ ಇತ್ತು, ಸ್ವಂತ ಬಾರ್ಜೂ ಇದ್ದವು. ನಮ್ಮವರು ಆ ಸಾಲಿನವರಲ್ಲ. ಗಣಿ ಧಣಿಗಳ ಬಾರ್ಜ್ ಸಾಲದೆ ಬಂದಾಗ ಬಾಡಿಗೆಗೆ ಹೋಗುವ ಸಣ್ಣ ಮಾಲೀಕರು. ಟನ್ನಿಗೆ ಇಷ್ಟು ಅಂತ ಬಾಡಿಗೆ. ಅದಿರು ಒಬ್ಬರದು, ನದಿ ಸರ್ಕಾರದ್ದು, ಹಡಗು ಜಪಾನಿನದು. ನಡುವಿನ ಆ ಕಬ್ಬಿಣದ ತೊಟ್ಟಿ ಮಾತ್ರ ನಮ್ಮದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ಪಡಾವಿಗೇ ಅದಿರು ತುಂಬಿದರಂತೆ. ಹೆಂಗಸರು ಬುಟ್ಟಿಯಲ್ಲಿ ಹೊತ್ತು ಹಲಗೆಯ ಮೇಲೆ ನಡೆದು ಬಂದು ಸುರಿಯುತ್ತಿದ್ದರು. ತೆಂಗಿನಕಾಯಿ ಹೊರುವ ಮರದ ತಳ ಕಲ್ಲಿನಂಥ ಅದಿರಿಗೆ ಎಷ್ಟು ದಿನ ತಡೆದೀತು? ಎರಡೇ ವರ್ಷಕ್ಕೆ ಸೀಳಿತು. ಆಮೇಲೆ ಮನೆಯ ಬಂಗಾರ ಅಡವಿಟ್ಟು ಉಕ್ಕಿನ ಮೊದಲ ಬಾರ್ಜ್ ಮಾಡಿಸಿದರು. 1961ರ ಡಿಸೆಂಬರ್ 19ಕ್ಕೆ ಗೋವಾ ಭಾರತಕ್ಕೆ ಸೇರಿದಾಗ ಆ ಬಾರ್ಜ್ ಅದಿರು ತುಂಬಿಕೊಂಡು ನಡು ಹೊಳೆಯಲ್ಲಿ ಲಂಗರು ಹಾಕಿ ನಿಂತಿತ್ತಂತೆ. ಹೊರಟಾಗ ಒಂದು ಸರ್ಕಾರ, ಮುಟ್ಟಿದಾಗ ಇನ್ನೊಂದು. ಬಾಡಿಗೆ ಯಾವ ದುಡ್ಡಿನಲ್ಲಿ ಕೊಡುತ್ತಾರೆ ಅನ್ನುವುದೊಂದೇ ಶೇಟ್ರ ಅಪ್ಪನ ಚಿಂತೆ.

ನಾನು ಸೇರಿದ್ದು 1979ರ ಅಕ್ಟೋಬರ್‌ನಲ್ಲಿ. ಅಂಕೋಲೆಯಿಂದ ಕಾರವಾರ, ಅಲ್ಲಿ ಕಾಳಿ ನದಿಗೆ ಸೇತುವೆ ಇಲ್ಲ, ಲಾಂಚ್ ಹತ್ತಿ ಸದಾಶಿವಗಡ, ಮತ್ತೆ ಬಸ್ಸಿನಲ್ಲಿ ಮಡಗಾಂವ್, ಆಮೇಲೆ ವಾಸ್ಕೋ. ಅದೇ ವರ್ಷ ಮುರಗಾಂವ್ ಬಂದರಿನಲ್ಲಿ ಅದಿರು ಇಳಿಸಿ ತುಂಬುವ ಯಂತ್ರಗಳ ದೊಡ್ಡ ಘಟಕ ಶುರುವಾಗಿತ್ತು. ಅದಕ್ಕೆ ಮೊದಲು ಹೆಚ್ಚಾಗಿ ಬಾರ್ಜ್ ಹೋಗಿ ಹಡಗಿನ ಮಗ್ಗುಲಿಗೆ ನಿಲ್ಲಬೇಕು, ಹಡಗಿನದೇ ಕ್ರೇನು ಎತ್ತಿಕೊಳ್ಳಬೇಕು, ದಿನಗಟ್ಟಲೆ ಕಾಯಬೇಕು. ಯಂತ್ರ ಬಂದ ಮೇಲೆ ಬೇಗ ಖಾಲಿ, ಬೇಗ ವಾಪಸ್, ತಿಂಗಳಿಗೆ ಟ್ರಿಪ್ ಜಾಸ್ತಿ. ಖುಷಿಯಾಗಬೇಕಲ್ಲವಾ? ಆದರೆ ಯಂತ್ರಕ್ಕೆ ದೊಡ್ಡ ಬಾರ್ಜ್ ಮೇಲೆ ಪ್ರೀತಿ. ಸಣ್ಣದಕ್ಕೆ ಸರದಿ ತಡ. ನಮ್ಮಲ್ಲಿದ್ದ ಮೂರೂ 500 ಟನ್ನಿನ ಆಸುಪಾಸಿನವು. ಶೇಟ್ರು ಒಂದನ್ನು ದಡಕ್ಕೆಳೆಸಿ ನಡುವಿಗೆ ಕತ್ತರಿಸಿ, ಮಧ್ಯೆ ತುಂಡು ಸೇರಿಸಿ ಉದ್ದ ಮಾಡಿಸಿದರು. ಹಳೇ ಅಂಗಿಗೆ ತೋಳು ಜೋಡಿಸಿದ ಹಾಗೆ. ನಾನಿದ್ದ ಕಾಲದಲ್ಲೇ ಗೋವಾದ ಬಾರ್ಜುಗಳು 2,000 ಟನ್ ದಾಟಿದವು.

ನದಿಯಲ್ಲಿ ತೂಕದ ಯಂತ್ರ ಇರುವುದಿಲ್ಲ. ಟನ್ನಿಗೆ ಬಾಡಿಗೆ ಅಂದರೆ ತೂಗುತ್ತಿದ್ದದ್ದು ಹೇಗೆ? ಮೋಸ ಆಗುತ್ತಿರಲಿಲ್ಲವೇ?
— ನಿವೃತ್ತ ಗಣಿತ ಮೇಷ್ಟ್ರು, ಚಿಕ್ಕಮಗಳೂರು

ಮೇಷ್ಟ್ರೇ, ನೀವು ಇದನ್ನು ಕೇಳಿದ್ದಕ್ಕೆ ನನ್ನ ಮಾನ ಹೋದ ಕಥೆ ಹೇಳಲೇಬೇಕು.

ಬಾರ್ಜಿನ ಮುಂದೆ, ಹಿಂದೆ, ನಡುವೆ ಎರಡೂ ಬದಿಗೆ ಅಂಕಿ ಬರೆದಿರುತ್ತಾರೆ. ತುಂಬುವ ಮೊದಲು ನೀರು ಎಲ್ಲಿ ಮುಟ್ಟುತ್ತಿತ್ತು, ತುಂಬಿದ ಮೇಲೆ ಎಲ್ಲಿ, ಅದನ್ನು ನೋಡಿ ಕೋಷ್ಟಕದಲ್ಲಿ ಟನ್ ಹುಡುಕುವುದು. ಡ್ರಾಫ್ಟ್ ನೋಡುವುದು ಅನ್ನುತ್ತಾರೆ. ಆಗಿನ ನಮ್ಮ ಬಾರ್ಜಿಗೆ ಒಂದು ಸೆಂಟಿಮೀಟರ್ ಅಂದರೆ ಮೂರು-ನಾಲ್ಕು ಟನ್. ಅಲೆ ಒಂದು ಚೂರು ಆಡಿದರೆ ಲೆಕ್ಕವೂ ಆಡಿತು.

ನಾನು ಸೇರಿ ಎರಡು ವಾರವಾಗಿತ್ತು. ನದಿಯ ಮೇಲಿನ ಜೆಟ್ಟಿಯಲ್ಲಿ, ಅಂದರೆ ಬಾರ್ಜಿಗೆ ಅದಿರು ತುಂಬುವ ಕಟ್ಟೆಯಲ್ಲಿ, ನಾನೇ ನಿಂತು ಡ್ರಾಫ್ಟ್ ಬರೆದುಕೊಂಡೆ. ಅದೇ ಬಾರ್ಜಿನಲ್ಲೇ ಮುರಗಾಂವಿಗೆ ಬಂದು ಮತ್ತೆ ನೋಡಿದೆ. ಐದಾರು ಸೆಂಟಿಮೀಟರ್ ಮೇಲೆದ್ದಿದೆ! ಅಂದರೆ ಇಪ್ಪತ್ತು ಟನ್ ಅದಿರು ಮಾಯ. ದಾರಿಯಲ್ಲಿ ನನಗೆ ಜೋಂಪು ಹತ್ತಿತ್ತು ಬೇರೆ. ಬಾರ್ಜ್ ನಡೆಸುವ ಸಾರಂಗನೇ ಮಾರಿಕೊಂಡ ಅಂತ ಅಂದುಕೊಂಡೆ. ಅಂದುಕೊಂಡದ್ದಷ್ಟೇ ಅಲ್ಲ, ಎಲ್ಲರ ಮುಂದೆ ಅಂದೂಬಿಟ್ಟೆ. ಆತ ರತ್ನಾಗಿರಿ ಕಡೆಯ ಮುದುಕ, ಮೂವತ್ತು ವರ್ಷ ಚುಕ್ಕಾಣಿ ಹಿಡಿದವನು. ಒಂದು ಮಾತೂ ಆಡಲಿಲ್ಲ. ಅಡುಗೆಯ ಭಂಡಾರಿಯನ್ನು ಕರೆದು ಒಂದು ಹಸಿ ಮೊಟ್ಟೆ, ಒಂದು ಲೋಟ ನೀರು ತರಿಸಿದ. ಮೊಟ್ಟೆ ಹಾಕಿದ, ತಳ ಮುಟ್ಟಿತು. ಒಂದು ಹಿಡಿ ಉಪ್ಪು ಹಾಕಿ ಕದಡಿದ, ಮೊಟ್ಟೆ ಮೇಲೆ ಬಂತು. ಲೋಟ ನನ್ನ ಕೈಗೆ ಕೊಟ್ಟು ಬೀಡಿ ಹಚ್ಚಲು ಹೋದ.

ಮಳೆಗಾಲ ಆಗಷ್ಟೇ ಮುಗಿದಿತ್ತು. ಮೇಲೆ ನದಿಯ ನೀರು ಸಿಹಿ, ಬಂದರಿನಲ್ಲಿ ಉಪ್ಪು. ಉಪ್ಪು ನೀರು ಬಾರ್ಜನ್ನು ಸ್ವಲ್ಪ ಮೇಲಕ್ಕೆ ಎತ್ತುತ್ತದೆ. ಅದಿರು ಇದ್ದಲ್ಲೇ ಇತ್ತು. ಬೇಸಿಗೆಯಲ್ಲಾದರೆ ಸಮುದ್ರದ ನೀರು ತುಂಬ ಮೇಲಿನ ತನಕ ಏರುತ್ತದೆ, ಆಗ ಇಷ್ಟು ವ್ಯತ್ಯಾಸ ಬರುವುದಿಲ್ಲ. ಆ ಮುದುಕನ ಹತ್ತಿರ ನಾನು ತಪ್ಪಾಯಿತು ಅಂತ ಕೇಳಿದ್ದು ಮೂರು ದಿನದ ಮೇಲೆ. ಅಷ್ಟು ದಿನ ತಡ ಮಾಡಿದ್ದಕ್ಕೆ ಈಗಲೂ ಬೇಜಾರಿದೆ.

ಮೋಸ ಆಗುತ್ತಿರಲಿಲ್ಲವೇ ಅಂದಿರಿ. ಆಗುತ್ತಿತ್ತು. ಡೀಸೆಲ್‌ನಲ್ಲಿ.

ಲಾರಿ ಇರುವಾಗ ನಿಧಾನದ ಬಾರ್ಜ್ ಯಾಕೆ ಬೇಕು?
— ಪದವಿ ವಿದ್ಯಾರ್ಥಿನಿ, ಹಾವೇರಿ

ಗೋವಾದ ಗಣಿ ಲಾರಿಗೆ 10 ಟನ್. ಒಂದು ದೊಡ್ಡ ಬಾರ್ಜಿಗೆ 2,000. ಅಂದರೆ ಇನ್ನೂರು ಲಾರಿ, ಇನ್ನೂರು ಡ್ರೈವರ್. ಇಲ್ಲಿ ಏಳೆಂಟು ಜನ. ಗಣಿಯಿಂದ ಜೆಟ್ಟಿಯ ತನಕ ಲಾರಿ ಹೇಗೂ ಬೇಕು ಅನ್ನಿ. ಆದರೆ ಅಲ್ಲಿಂದ ಮುಂದೆ ನದಿಯೇ ಅರ್ಧ ಕೆಲಸ ಮಾಡುತ್ತದೆ. ಭರತ, ಅಂದರೆ ಸಮುದ್ರದ ಉಬ್ಬರ, ಏರುವಾಗ ಖಾಲಿ ಬಾರ್ಜ್ ನೀರಿನ ಜೊತೆ ಮೇಲಕ್ಕೆ ಹೋಗುತ್ತದೆ. ತುಂಬಿದ್ದು ಭರತ ನಿಂತಾಗ ಹೊರಟು ಇಳಿತದ ಜೊತೆ ಕೆಳಗೆ ಬರುತ್ತದೆ. ಭರತ ದಿನಾ ಮುಕ್ಕಾಲು ಗಂಟೆ ಚಿಲ್ಲರೆ ಮುಂದೆ ಹೋಗುತ್ತದೆ. ಹಾಗಾಗಿ ನಮ್ಮ ಕಚೇರಿಯಲ್ಲಿ ಗಡಿಯಾರಕ್ಕಿಂತ ಪಂಚಾಂಗಕ್ಕೆ ಬೆಲೆ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಜೋರು, ಪೂರ್ತಿ ತುಂಬಿಸಬಹುದು. ಅಷ್ಟಮಿ, ನವಮಿಗೆ ನೀರು ಕಡಿಮೆ, ಮರಳಿಗೆ ತಳ ಕೂತೀತು, ಸ್ವಲ್ಪ ಕಡಿಮೆ ತುಂಬಿಸಬೇಕು. ನಮ್ಮ ಮನೆಯಲ್ಲಿ ಅಷ್ಟಮಿ ಅಂದರೆ ಕೃಷ್ಣ ನೆನಪಾಗುವುದಕ್ಕಿಂತ ಮೊದಲು ಬಾಡಿಗೆ ಕಡಿತ ನೆನಪಾಗುತ್ತಿತ್ತು.

ಮಳೆಗಾಲದಲ್ಲಿ ಮಾಂಡವಿಯ ಬಾಯಲ್ಲಿ, ಅಗ್ವಾದ ಹತ್ತಿರ, ಮರಳು ದಿಬ್ಬದ ಮೇಲೆ ಅಲೆ ಒಡೆಯುತ್ತದೆ. ಬಾರ್ಜ್ ಹೋಗುವ ಹಾಗಿಲ್ಲ. ಆಗ ಕುಂಬಾರ್ಜುವಾ ಕಾಲುವೆಯ ಒಳದಾರಿ. ಮಾಂಡವಿಯಿಂದ ಜುವಾರಿಗೆ ದಾಟಿಸುತ್ತದೆ.

ಆ ಕಾಲುವೆಯಲ್ಲಿ ಮೊಸಳೆ ಇದೆಯಂತೆ, ನಿಜವೇ?
— ಆರನೇ ತರಗತಿ ಹುಡುಗ, ಶಿರಸಿ

ನಿಜ ಮಗಾ. ಮಧ್ಯಾಹ್ನ ಕೆಸರಿನ ದಡದಲ್ಲಿ ಬಾಯಿ ಕಳೆದು ಮಲಗಿರುತ್ತವೆ. ಬಾರ್ಜಿನವರು ಅವಕ್ಕೆ ಅನ್ನ ಎಸೆಯುತ್ತಿದ್ದರು. ಅವು ತಿರುಗಿಯೂ ನೋಡುತ್ತಿರಲಿಲ್ಲ.

ನಮ್ಮ ಹೊಸಪೇಟೆ, ಸಂಡೂರಿನ ಅದಿರೂ ನಿಮ್ಮ ಬಾರ್ಜಿನಲ್ಲಿ ಹೋಗಿದೆಯೇ?
— ಓದುಗರು, ಹೊಸಪೇಟೆ

ಹೋಗಿದೆ. ಬೇಕಾದಷ್ಟು ಹೋಗಿದೆ. ಬಳ್ಳಾರಿ ಸೀಮೆಯ ಅದಿರು ರೈಲಿನಲ್ಲಿ ಕ್ಯಾಸಲ್‌ರಾಕ್ ಘಟ್ಟ ಇಳಿದು ಸಾವರ್ಡೆಗೆ ಬರುತ್ತಿತ್ತು. ಅಲ್ಲಿಂದ ಲಾರಿಯಲ್ಲಿ ಜುವಾರಿ ಕಡೆಯ ಜೆಟ್ಟಿಗೆ, ಅಲ್ಲಿ ಬಾರ್ಜಿಗೆ. ನಿಮ್ಮ ಅದಿರಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಗೋವಾದ್ದರಲ್ಲಿ ಕಡಿಮೆ. ಜೆಟ್ಟಿಯಲ್ಲಿ ಕನ್ನಡ ಕೇಳಿಸಿದರೆ ಅದು ಹೊಸಪೇಟೆ ಮಾಲು ಅಂತ ನನಗೆ ಗೊತ್ತಾಗುತ್ತಿತ್ತು. ಲಾರಿಯವರು ನಾನು ಕನ್ನಡದವನು ಅಂತ ತಿಳಿದ ಕೂಡಲೇ ರೊಟ್ಟಿ, ಶೇಂಗಾ ಚಟ್ನಿ ಕೊಡುತ್ತಿದ್ದರು. ಅವರ ಜೊತೆ ಕೂತು ತಿನ್ನುವಾಗ ಸುಖವಾಗಿತ್ತು. ಆದರೆ 2008-09ರ ಹೊತ್ತಿಗೆ ನನಗೇ ಅನುಮಾನ ಬರುತ್ತಿತ್ತು. ಇಷ್ಟು ಮಣ್ಣು ದಿನಾ ಎಲ್ಲಿಂದ ಬರುತ್ತಿದೆ? ಕೇಳುವ ಕೆಲಸ ನನ್ನದಲ್ಲ ಅಂತ ಸುಮ್ಮನಾದೆ. 2010ರ ಜುಲೈನಲ್ಲಿ ಕರ್ನಾಟಕ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಜೆಟ್ಟಿಯಲ್ಲಿ ರೊಟ್ಟಿ ನಿಂತಿತು.

ನಿಮ್ಮ ಬಾರ್ಜುಗಳಿಂದ ಹೊಳೆ ದಡದ ಗದ್ದೆಗಳು ಹಾಳಾದವು ಅಂತ ಓದಿದ್ದೇನೆ. ಅದರ ಬಗ್ಗೆ ಬಾಯಿ ಬಿಡುತ್ತೀರಾ?
— ಗಜನಿ ರೈತರು, ಕುಮಟಾ

ಬಿಡುತ್ತೇನೆ. ನಿಮ್ಮ ಅಘನಾಶಿನಿ ಹೊಳೆ ದಡದ ಗದ್ದೆ, ಗಜನಿ ಇದೆಯಲ್ಲ, ಗೋವಾದಲ್ಲಿ ಅಂಥದ್ದಕ್ಕೆ ಖಾಜನ್ ಅನ್ನುತ್ತಾರೆ. ಅದೇ ಕಟ್ಟೆ, ಅದೇ ಬಾಗಿಲು, ಅದೇ ಉಪ್ಪು ತಡೆಯುವ ಭತ್ತ. ನೀವು ಕಗ್ಗ ಅನ್ನುತ್ತೀರಿ, ಅವರು ಕೊರ್ಗುಟ್ ಅನ್ನುತ್ತಾರೆ. ತುಂಬಿದ ಬಾರ್ಜ್ ವೇಗವಾಗಿ ಹೋದರೆ ಹಿಂದೆ ಏಳುವ ಅಲೆ ಮಣ್ಣಿನ ಕಟ್ಟೆಗೆ ಬಡಿಯುತ್ತದೆ. ದಿನಕ್ಕೆ ಹತ್ತು ಬಾರ್ಜ್ ಆದರೆ ತಡೆದೀತು. ನೂರಾದರೆ ಕಟ್ಟೆ ಕುಸಿಯುತ್ತದೆ, ಉಪ್ಪು ನೀರು ಗದ್ದೆಗೆ ನುಗ್ಗುತ್ತದೆ. ಜೆಟ್ಟಿಯಲ್ಲಿ ಚೆಲ್ಲಿದ ಕೆಂಪು ಹುಡಿ ಮೀನಿನ ಬಲೆಯಲ್ಲೂ ಬರುತ್ತಿತ್ತು. ಊರಿನವರು ಕಚೇರಿಗೆ ಬಂದು ಕೂಗಾಡಿದ್ದಾರೆ. ಶೇಟ್ರು ಚಾ ಕೊಟ್ಟು, ನಿಧಾನ ಹೋಗಲು ಹೇಳುತ್ತೇನೆ ಅಂತ ಕಳಿಸುತ್ತಿದ್ದರು. ಅವರು ಮೆಟ್ಟಿಲು ಇಳಿದ ಮೇಲೆ ಸಾರಂಗನಿಗೆ ಫೋನು ಹೋಗುತ್ತಿತ್ತು. ಭರತ ತಪ್ಪಿಸಬೇಡ ಅಂತ. ನಾನೂ ಅಲ್ಲೇ ಕೂತಿದ್ದೆ.

2009ರಲ್ಲಿ ಮಂಗಳೂರಿನ ಹತ್ತಿರ ಅದಿರು ತುಂಬಿದ ಹಡಗು ಮುಳುಗಿತಲ್ಲ. ನಿಮ್ಮ ಬಾರ್ಜ್ ಮುಳುಗಿದ್ದುಂಟೇ?
— ಓದುಗರು, ಸುರತ್ಕಲ್

ಅದು ಏಷಿಯನ್ ಫಾರೆಸ್ಟ್, ಜುಲೈ ತಿಂಗಳು. ಪುಣ್ಯಕ್ಕೆ ಜನರನ್ನೆಲ್ಲ ಉಳಿಸಿದರು. ಅದಿರಿನ ಹುಡಿಗೆ ಮಳೆನೀರು ಸೇರಿದರೆ ನೋಡಲು ಗಟ್ಟಿ, ಅಲುಗಿಸಿದರೆ ಅಂಬಲಿ. ಒಂದು ಬದಿಗೆ ಸರಿಯಿತು ಅಂದರೆ ಹಡಗನ್ನೂ ಎಳೆದುಕೊಂಡು ಹೋಗುತ್ತದೆ. ನಮ್ಮದು ನದಿಯ ಸಣ್ಣ ದಾರಿ, ಹಾಗಾಗಿ ಆ ಗತಿ ಬರಲಿಲ್ಲ. ಮರಳಿಗೆ ಕೂತದ್ದಕ್ಕೆ ಮಾತ್ರ ಲೆಕ್ಕವಿಲ್ಲ.

ಇಷ್ಟು ವರ್ಷ ನಡೆದ ಮನೆತನದ ಧಂದೆ ನಿಂತದ್ದು ಯಾಕೆ? ಕೋರ್ಟಿನಿಂದಲೋ, ಮಾಲೀಕರ ತಪ್ಪಿನಿಂದಲೋ?
— ಓದುಗರು, ಬೆಂಗಳೂರು

ನನ್ನನ್ನು ಕೇಳಿದರೆ ನಮ್ಮನ್ನು ಕೆಡಿಸಿದ್ದು ಒಳ್ಳೆಯ ಕಾಲ.

2003-04ರ ನಂತರ ಚೀನಾ ಕೊಳ್ಳಲು ನಿಂತಿತು. ಯಾರೂ ಮುಟ್ಟದೆ ಗುಡ್ಡದ ಹಾಗೆ ಬಿದ್ದಿದ್ದ ಕಡಿಮೆ ದರ್ಜೆಯ ಅದಿರಿಗೂ ಬೆಲೆ ಬಂತು. 2010-11ರಲ್ಲಿ ಗೋವಾದಿಂದ ಹೋದ ಅದಿರು 5 ಕೋಟಿ ಟನ್ ದಾಟಿತು. ನದಿಯಲ್ಲಿ ಮುನ್ನೂರಕ್ಕೂ ಜಾಸ್ತಿ ಬಾರ್ಜ್. ಅಂಗಡಿ ಇಟ್ಟವರು, ಹೋಟೆಲ್ ಇಟ್ಟವರು ಎಲ್ಲರೂ ಬಾರ್ಜ್ ಕೊಂಡರು. ಬ್ಯಾಂಕಿನವರು ಕಚೇರಿಗೇ ಬಂದು ಸಾಲ ಬೇಕಾ ಅಂತ ಕೇಳುತ್ತಿದ್ದರು.

ಆಗ ಶೇಟ್ರಿಗೆ ತೊಂಬತ್ತು ಹತ್ತಿರ, ಮಗ ನಡೆಸುತ್ತಿದ್ದ. ನಮ್ಮಲ್ಲಿ ಐದು ಬಾರ್ಜ್, ಸಾಲ ಇಲ್ಲ. ಮಗ ಇನ್ನೂ ಎರಡು ಹೊಸದು ಕಟ್ಟಿಸೋಣ ಅಂದ. ನಾನು ಹದಿನೈದು ವರ್ಷದ ಟ್ರಿಪ್ ಪುಸ್ತಕ ತೆಗೆದು, ಬಾಡಿಗೆ ಬಿದ್ದ ವರ್ಷಗಳಿಗೆ ಕೆಂಪು ಗೆರೆ ಎಳೆದು ತೋರಿಸಿದೆ. ಮೂರು ಕೆಂಪು ಗೆರೆ ಇದ್ದವು. ಕಾಕಾ, ಅದೆಲ್ಲ ಹಳೇ ಕಾಲ ಅಂದ. ಶೇಟ್ರು ಆರಾಮ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದರು. ಅವರು ಆಡಿದ್ದು ಒಂದೇ ಮಾತು: ಡೆಂಪೊದವರು ಗಣಿ ಮಾರಿದರಲ್ಲ, ಯಾಕೆ ಅಂತ ಕೇಳಿದೆಯಾ? 2009ರಲ್ಲಿ ಆ ಮನೆತನ ತನ್ನ ಗಣಿ ವ್ಯವಹಾರವನ್ನು ಸುಮಾರು 1,750 ಕೋಟಿ ರೂಪಾಯಿಗೆ ಸೇಸಾ ಗೋವಾ ಅನ್ನುವ ಗಣಿ ಕಂಪನಿಗೆ ಮಾರಿತ್ತು. ಬೆಲೆ ಏರುತ್ತಿರುವಾಗ ಮಾರುವವರನ್ನು ಕಂಡು ವಾಸ್ಕೋದ ಚಾ ಅಂಗಡಿಗಳಲ್ಲಿ ಎಲ್ಲರೂ ನಕ್ಕಿದ್ದರು. ಮಗನೂ ನಕ್ಕ. ಎರಡು ಬಾರ್ಜೂ ಬಂದವು.

2012ರ ಸೆಪ್ಟೆಂಬರ್‌ನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಶಾ ಆಯೋಗದ ವರದಿ ಹೊರಬಂತು. ರಾಜ್ಯ ಸರ್ಕಾರ ಗಣಿ ನಿಲ್ಲಿಸಿತು. ಅಕ್ಟೋಬರ್ 5ಕ್ಕೆ ಸುಪ್ರೀಂ ಕೋರ್ಟ್ ಸಾಗಣೆಯನ್ನೂ ನಿಲ್ಲಿಸಿತು. ಮಳೆಗಾಲದ ರಿಪೇರಿ ಮುಗಿಸಿ, ಬಣ್ಣ ಹೊಡೆದು, ಏಳೂ ಬಾರ್ಜ್ ತಯಾರಾಗಿ ನಿಂತಿದ್ದವು. ಗಣಿಯವರಿಗೆ ಮಣ್ಣಿನಲ್ಲಿ ಅದಿರಾದರೂ ಉಳಿಯಿತು. ನಮ್ಮ ಹತ್ತಿರ ಉಳಿದದ್ದು ಕಂತು. ಬಾರ್ಜ್ ನಿಂತಿದ್ದರೂ ತಿನ್ನುತ್ತದೆ ನೋಡಿ. ಕಾವಲಿಗೆ ಜನ ಬೇಕು, ಒಳಗೆ ಸೋರಿದ ನೀರು ತೆಗೆಯಲು ಪಂಪ್ ಓಡಬೇಕು, ತಳ ತುಕ್ಕು ಹಿಡಿಯುತ್ತದೆ. ಗೋವಾ ಸರ್ಕಾರ ಸಾಲಗಾರರಿಗೆ ಪರಿಹಾರದ ಯೋಜನೆ ತಂದಿತು. ಸ್ವಲ್ಪ ಉಸಿರಾಡಲು ಆಯಿತು.

2014ರ ಏಪ್ರಿಲ್‌ನಲ್ಲಿ ಕೋರ್ಟು ವರ್ಷಕ್ಕೆ 2 ಕೋಟಿ ಟನ್ ಮಿತಿ ಹಾಕಿ ಗಣಿಗೆ ದಾರಿ ಬಿಟ್ಟಿತು. ಅಷ್ಟರಲ್ಲಿ ನಮ್ಮಲ್ಲಿ ನಾಲ್ಕು ಬಾರ್ಜ್ ಗುಜರಿಗೆ ಹೋಗಿದ್ದವು. ನಡುವಿಗೆ ತುಂಡು ಸೇರಿಸಿದ್ದೆವಲ್ಲ, ಅದೂ ಹೋಯಿತು. ಗುಜರಿಯವನು ಗ್ಯಾಸ್ ಕಟರಿನಲ್ಲಿ ಅದೇ ಬೆಸುಗೆಯ ಗೆರೆಯಿಂದ ಶುರು ಮಾಡಿದ. ಆ ವರ್ಷವೇ ನಾನು ಊರಿಗೆ ಬಂದೆ. 2018ರ ಫೆಬ್ರುವರಿಯಲ್ಲಿ ಕೋರ್ಟು ಗೋವಾದ 88 ಗಣಿ ಗುತ್ತಿಗೆಗಳ ನವೀಕರಣ ರದ್ದು ಮಾಡಿತು. ಉಳಿದ ಮೂರರಲ್ಲಿ ಎರಡನ್ನು ಮಗ ಮಾರಿದ ಅಂತ ಫೋನಿನಲ್ಲಿ ಹೇಳಿದ. ನಾನು ಕೆಂಪು ಗೆರೆಯ ಮಾತು ಎತ್ತಲಿಲ್ಲ. ಅವನೇ ಎತ್ತಿದ.

ಕೋರ್ಟಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅಕ್ರಮ ಮಾಡಿದ ಗಣಿಗೂ, ಬಾಡಿಗೆಗೆ ತೊಟ್ಟಿ ಓಡಿಸಿದವನಿಗೂ, ಆ ತೊಟ್ಟಿಯಲ್ಲಿ ಅನ್ನ ಬೇಯಿಸಿದ ಭಂಡಾರಿಗೂ ಒಂದೇ ದಿನ ಒಂದೇ ಶಿಕ್ಷೆ ಆಯಿತಲ್ಲ, ಅದು ಮನಸ್ಸಿಗೆ ಈಗಲೂ ಒಗ್ಗಿಲ್ಲ.

ನನ್ನ ತಮ್ಮ ಹತ್ತನೇ ತರಗತಿ ಮುಗಿಸಿದ್ದಾನೆ. ಬಾರ್ಜಿನಲ್ಲಿ ಈಗ ಕೆಲಸ ಸಿಗುತ್ತದೆಯೇ?
— ಓದುಗರು, ಕಾರವಾರ

ಹರಾಜಿನಲ್ಲಿ ಹೋದ ಕೆಲವು ಗಣಿಗಳು ಮತ್ತೆ ಶುರುವಾಗಿವೆ. ಡಿಚೋಲಿಯ ಗಣಿ 2024ರಲ್ಲಿ ಶುರುವಾಯಿತು. ಮಾಂಡವಿ, ಜುವಾರಿ, ಕುಂಬಾರ್ಜುವಾ ಮೂರೂ 2016ರಿಂದ ರಾಷ್ಟ್ರೀಯ ಜಲಮಾರ್ಗಗಳ ಪಟ್ಟಿಯಲ್ಲಿವೆ. ಮೊದಲಿನಷ್ಟು ಕೆಲಸವಿಲ್ಲ, ಇಲ್ಲವೇ ಇಲ್ಲ ಅಂತಲೂ ಅಲ್ಲ. ಮೊದಲು ಖಲಾಸಿಯಾಗಿ ಸೇರಬೇಕು. ಹಗ್ಗ ಎಳೆಯುವುದು, ತುಕ್ಕು ಕೆರೆಯುವುದು, ಬಣ್ಣ ಹೊಡೆಯುವುದು. ನೀರಿನ ಮೇಲೆ ಅನುಭವದ ದಿನ ಲೆಕ್ಕಕ್ಕೆ ಸಿಕ್ಕ ಮೇಲೆ ಪರೀಕ್ಷೆ ಕಟ್ಟಿ ಸಾರಂಗ, ಆಮೇಲೆ ಮಾಸ್ಟರ್. ಎಂಜಿನ್ ಕಡೆ ಒಲವಿದ್ದರೆ ಡ್ರೈವರ್. ದುಡಿದ ದಿನಗಳಿಗೆ ಮಾಲೀಕನಿಂದ ಸಹಿ ಹಾಕಿಸಿಕೊಂಡು ಕಾಗದ ಜೋಪಾನ ಮಾಡಲು ಹೇಳಿ. ನಮ್ಮ ಕಚೇರಿಗೆ ಎಷ್ಟೋ ಹುಡುಗರು ಹತ್ತು ವರ್ಷ ಬಿಟ್ಟು ಆ ಸಹಿ ಕೇಳಿಕೊಂಡು ಬರುತ್ತಿದ್ದರು.

ತಮ್ಮನಿಗೆ ಈಜು ಬರುತ್ತದೆಯೇ? ನೀವು ಅದನ್ನು ಬರೆದೇ ಇಲ್ಲ.